ನಕ್ಷತ್ರದ ದೂರ, ನಕ್ಷತ್ರದ ಹೊತ್ತು

ಪ್ರಶ್ನೆ: ನಕ್ಷತ್ರದವರೆಗೆ ಯಾರೂ ಹೋಗಿಲ್ಲ. ಆದರೂ ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ ದೂರದಲ್ಲಿದೆ ಎಂದು ದಶಮಾಂಶ ಸಮೇತ ಹೇಳುವುದು ಹೇಗೆ?

ಉತ್ತರ: ಕೋನ ಅಳೆದು. ಜನವರಿಯಲ್ಲಿ ಭೂಮಿ ಇದ್ದ ಜಾಗಕ್ಕೂ ಜುಲೈನಲ್ಲಿರುವ ಜಾಗಕ್ಕೂ ಸುಮಾರು 30 ಕೋಟಿ ಕಿಲೋಮೀಟರ್ ಅಂತರ. ಎರಡೂ ಕಡೆಯಿಂದ ಚಿತ್ರ ತೆಗೆದರೆ ಹತ್ತಿರದ ನಕ್ಷತ್ರವು ಹಿನ್ನೆಲೆಯ ದೂರದ ನಕ್ಷತ್ರಗಳ ನಡುವೆ ತುಸು ಸರಿದಂತೆ ಕಾಣುತ್ತದೆ. ಆ ಸರಿದಾಟದ ಅರ್ಧವೇ ಪ್ಯಾರಲ್ಯಾಕ್ಸ್. ಅದನ್ನು ಆರ್ಕ್‌ಸೆಕೆಂಡ್‌ಗಳಲ್ಲಿ (ಡಿಗ್ರಿಯ 3600ನೇ ಒಂದು ಭಾಗ) ಬರೆದು, 1ನ್ನು ಅದರಿಂದ ಭಾಗಿಸಿ. ದೂರ ಪಾರ್ಸೆಕ್‌ಗಳಲ್ಲಿ ಸಿಗುತ್ತದೆ. ಪ್ರಾಕ್ಸಿಮಾದ ಪ್ಯಾರಲ್ಯಾಕ್ಸ್ 0.768, ಭಾಗಿಸಿದರೆ 1.30 ಪಾರ್ಸೆಕ್. ಒಂದು ಪಾರ್ಸೆಕ್ ಎಂದರೆ 3.26 ಜ್ಯೋತಿರ್ವರ್ಷ, ಹಾಗಾಗಿ 3.26ರಿಂದ ಗುಣಿಸಿದರೆ 4.24 ಜ್ಯೋತಿರ್ವರ್ಷ.

ಲೆಕ್ಕ ಸುಲಭ, ಅಳತೆ ಕಷ್ಟ. ಅತಿ ಸಮೀಪದ ನಕ್ಷತ್ರಕ್ಕೇ ಒಂದು ಆರ್ಕ್‌ಸೆಕೆಂಡ್ ಇಲ್ಲ. ನಮ್ಮ ವಾತಾವರಣವೋ ನಕ್ಷತ್ರದ ಬಿಂಬವನ್ನು ಅಷ್ಟು ಅಗಲಕ್ಕೆ ಕದಡಿಬಿಡುತ್ತದೆ. ಮೇಲಾಗಿ ನಕ್ಷತ್ರವೂ ತನ್ನಷ್ಟಕ್ಕೆ ಚಲಿಸುತ್ತಿರುತ್ತದೆ. 1838ರಲ್ಲಿ ಜರ್ಮನಿಯ ಖಗೋಳಜ್ಞ ಬೆಸೆಲ್ ಅಳೆದ 61 ಸಿಗ್ನಿ ಎಂಬ ನಕ್ಷತ್ರ ವರ್ಷಕ್ಕೆ 5 ಆರ್ಕ್‌ಸೆಕೆಂಡಿಗೂ ಹೆಚ್ಚು ಓಡುತ್ತದೆ, ಅದರ ಪ್ಯಾರಲ್ಯಾಕ್ಸ್ ಮಾತ್ರ 0.286. ಹಾಗಾಗಿ ಎರಡೇ ಚಿತ್ರ ಸಾಲದು. ಹಲವು ಬಾರಿ ಅಳೆದು, ನೇರ ಓಟವನ್ನೂ ವರ್ಷಕ್ಕೊಮ್ಮೆ ಮರುಕಳಿಸುವ ಓಲಾಟವನ್ನೂ ಬೇರ್ಪಡಿಸಬೇಕು. ಬೆಸೆಲ್‌ಗೆ ಸಿಕ್ಕಿದ್ದು 0.314. ಅಂದಿನ ಉಪಕರಣದಲ್ಲಿ ಅಷ್ಟು ಹತ್ತಿರ ಬಂದದ್ದು ನಿಜಕ್ಕೂ ದೊಡ್ಡ ಸಾಧನೆ.

ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ ನಿಂತು 2025ರ ಜನವರಿಯವರೆಗೆ ಆಕಾಶ ಅಳೆದ ಗಾಯಾ ನೌಕೆಗೆ ವಾತಾವರಣದ ಕಾಟವಿರಲಿಲ್ಲ. ಆದರೆ ಅದರ ಪಟ್ಟಿ ಬಳಸುವವರು ಒಂದು ಎಚ್ಚರ ವಹಿಸಬೇಕು. ಪ್ಯಾರಲ್ಯಾಕ್ಸ್ 0.001, ದೋಷ ಶೇ 20 ಎಂದುಕೊಳ್ಳಿ. ದೂರ 3260 ಜ್ಯೋತಿರ್ವರ್ಷ ಎಂದು ಬಂದರೂ ನಿಜವಾದದ್ದು 2700 ಇರಬಹುದು, 4100 ಕೂಡ ಇರಬಹುದು. ಭಾಗಾಕಾರದಲ್ಲಿ ದೋಷ ದೂರದ ಕಡೆಗೇ ಹೆಚ್ಚು ಹಿಗ್ಗುತ್ತದೆ.

ಪ್ರಶ್ನೆ: ಪ್ಯಾರಲ್ಯಾಕ್ಸ್ ಸಿಗದಷ್ಟು ದೂರದ ನಕ್ಷತ್ರಗಳಿಗೆ?

ಉತ್ತರ: ನಿಜವಾದ ಪ್ರಕಾಶ ಗೊತ್ತಾದರೆ, ಕಾಣುವ ಪ್ರಕಾಶದೊಂದಿಗೆ ಹೋಲಿಸಿ ದೂರ ತಿಳಿಯಬಹುದು. ಹಿಗ್ಗಿ ಕುಗ್ಗುತ್ತಾ ಹೊಳಪು ಬದಲಿಸುವ ಸೆಫೀಡ್ ನಕ್ಷತ್ರಗಳ ಮಿಡಿತದ ಅವಧಿ ಹೆಚ್ಚಿದಷ್ಟೂ ಪ್ರಕಾಶ ಹೆಚ್ಚು ಎಂದು ಹೆನ್ರಿಯೆಟಾ ಲೆವಿಟ್ 1912ರಲ್ಲಿ ತೋರಿಸಿದರು. ತಣ್ಣನೆಯ ನಕ್ಷತ್ರಗಳ ಬೆಳಕಿನ ಬಣ್ಣಪಟ್ಟಿಯಲ್ಲಿ ಕ್ಯಾಲ್ಸಿಯಂ ಮೂಡಿಸುವ ಕಪ್ಪು ಗೆರೆಯ (ಕೆ ರೇಖೆ) ನಡುವಿನ ಹೊಳಪಿನ ಅಗಲವೂ ಪ್ರಕಾಶವನ್ನು ಹೇಳುತ್ತದೆ. 1957ರ ಈ ಶೋಧದಲ್ಲಿ ಅಮೆರಿಕದ ಖಗೋಳಜ್ಞ ಓಲಿನ್ ವಿಲ್ಸನ್ ಜೊತೆಗಿದ್ದವರು, ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದ ವೇಣು ಬಾಪು. ಎರಡೂ ವಿಧಾನಗಳಲ್ಲಿ ನಡುವಿನ ಧೂಳು ಬೆಳಕನ್ನು ನುಂಗುವುದನ್ನು ಲೆಕ್ಕಕ್ಕೆ ತಗೊಳ್ಳದಿದ್ದರೆ ದೂರ ಹೆಚ್ಚಾಗಿ ಬರುತ್ತದೆ.

ಪ್ರಶ್ನೆ: ಜೊತೆಗಾರ ನಕ್ಷತ್ರ ಅಡ್ಡ ಬಂದು ಅಲ್ಗಾಲ್ ನಕ್ಷತ್ರ ನಿಯತವಾಗಿ ಮಂಕಾಗುವ ಹೊತ್ತನ್ನು ಗುರುತು ಹಾಕುತ್ತಿದ್ದೇನೆ. ಗಡಿಯಾರ ಸರಿಯಿದ್ದರೂ ಲೆಕ್ಕಕ್ಕಿಂತ ಕೆಲವು ನಿಮಿಷ ವ್ಯತ್ಯಾಸ ಬರುತ್ತದೆ. ಏಕೆ?

ಉತ್ತರ: ದೂರ ಅಳೆಯಲು ನೆರವಾದ ಭೂಕಕ್ಷೆಯೇ ಇಲ್ಲಿ ತೊಡಕು. ನವೆಂಬರ್ ನಡುವೆ ಭೂಮಿ ಸೂರ್ಯನಿಗಿಂತ ಅಲ್ಗಾಲ್‌ಗೆ ಹತ್ತಿರ. ಬೆಳಕು ಸೂರ್ಯನನ್ನು ಮುಟ್ಟುವುದಕ್ಕೆ ಸುಮಾರು ಏಳೂವರೆ ನಿಮಿಷ ಮೊದಲೇ ನಮಗೆ ಸಿಗುತ್ತದೆ. ಫೆಬ್ರುವರಿ ನಡುವೆ ವ್ಯತ್ಯಾಸ ಬಹುತೇಕ ಸೊನ್ನೆ. ಆದ್ದರಿಂದ ಹೊತ್ತನ್ನು ಸೂರ್ಯನ ನೆಲೆಗೆ ತಿದ್ದಿಯೇ ಹೋಲಿಸಬೇಕು. ನವೆಂಬರಿನ ನಿಮ್ಮ ಅಳತೆಗೆ ಆ ಏಳೂವರೆ ನಿಮಿಷ ಕೂಡಿಸಿ.

ಇನ್ನೊಂದು ಮಾತು: ದಿನಾಂಕವನ್ನು ಜೂಲಿಯನ್ ದಿನಸಂಖ್ಯೆಯಲ್ಲಿ (ತಿಂಗಳು, ವರ್ಷವಿಲ್ಲದೆ ದಿನಗಳನ್ನು ಒಂದೇ ಸಮನೆ ಎಣಿಸುವ ಖಗೋಳ ಲೆಕ್ಕ) ಬರೆಯಿರಿ. ಅದು ಗ್ರೀನಿಚ್ ನಡುಹಗಲಿಗೆ, ಅಂದರೆ ನಮ್ಮ ಸಂಜೆ 5.30ಕ್ಕೆ ಬದಲಾಗುತ್ತದೆ. 2000ದ ಜನವರಿ 1ರ ಸಂಜೆ 5.30 ಎಂದರೆ 2451545.0, ಅದೇ ರಾತ್ರಿ 9.30 ಎಂದರೆ 2451545.167. ಭಾರತೀಯ ಕಾಲದಿಂದ ಐದೂವರೆ ಗಂಟೆ ಕಳೆಯಲು ಮರೆತರೆ 0.229 ದಿನದ ತಪ್ಪು ನುಸುಳುತ್ತದೆ. ನಿಮ್ಮ ಎಲ್ಲ ಅಳತೆಗಳಲ್ಲೂ ಸರಿಸುಮಾರು ಇಷ್ಟೇ ವ್ಯತ್ಯಾಸ ಕಂಡರೆ ಮೊದಲು ಇದನ್ನೇ ಪರೀಕ್ಷಿಸಿ.