2050ರವರೆಗೂ ತೈಲದ ಬೇಡಿಕೆ ಏರುತ್ತಲೇ ಇರುತ್ತದೆಯೇ?

ಪ್ರಶ್ನೆ: ಹೊಸ ತೈಲ ನಿಕ್ಷೇಪ, ಹೊಸ ಕಲ್ಲಿದ್ದಲು ಗಣಿ ಬೇಕಿಲ್ಲ ಎಂದು 2021ರಲ್ಲಿ ಹೇಳಿದ್ದ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯೇ, 2025ರ ವರದಿಯಲ್ಲಿ ತೈಲ ಮತ್ತು ಅನಿಲದ ಬೇಡಿಕೆ 2050ರವರೆಗೂ ಏರಬಹುದು ಎಂದಿದೆ. ಯಾವುದನ್ನು ನಂಬಬೇಕು? ಸಿಮೆಂಟ್ ಕಾರ್ಖಾನೆಗಳ ನಡುವೆ ತೊಗರಿ ಬೆಳೆಯುವ ನಮಗೂ ಇದಕ್ಕೂ ಏನು ಸಂಬಂಧ?
– ಓದುಗರೊಬ್ಬರು, ಸೇಡಂ ತಾಲ್ಲೂಕು, ಕಲಬುರಗಿ ಜಿಲ್ಲೆ

ಉತ್ತರ: ಅವೆರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು. 1973ರ ತೈಲ ಬಿಕ್ಕಟ್ಟಿನ ಬೆನ್ನಲ್ಲೇ ಪ್ಯಾರಿಸ್‌ನಲ್ಲಿ ಹುಟ್ಟಿದ ಈ ಸಂಸ್ಥೆ ಭವಿಷ್ಯ ನುಡಿಯುವುದಿಲ್ಲ, ‘ಹೀಗಾದರೆ ಹೀಗೆ’ ಎಂಬ ಹಲವು ಲೆಕ್ಕಗಳನ್ನು ಮುಂದಿಡುತ್ತದೆ. 2021ರ ಲೆಕ್ಕ ತಾಪಮಾನ ಏರಿಕೆಯನ್ನು 1.5 ಡಿಗ್ರಿಗೆ ಮಿತಿಗೊಳಿಸುವ ಗುರಿಯಿಂದ ಹೊರಟು ಹಿಂದಕ್ಕೆ ಎಣಿಸಿದ್ದು. ನೀವು ಓದಿದ 2025ರ ಲೆಕ್ಕವೋ, ಇಂದಿನ ಕಾನೂನುಗಳು ಒಂದಿಷ್ಟೂ ಬದಲಾಗದಿದ್ದರೆ ಏನಾದೀತು ಎಂಬುದು. ಆ ದಾರಿಯಲ್ಲಿ ಶತಮಾನದ ಕೊನೆಗೆ ಭೂಮಿ ಸುಮಾರು 3 ಡಿಗ್ರಿ ಬಿಸಿಯಾಗುತ್ತದೆ ಎಂದು ಅದೇ ವರದಿ ಹೇಳಿದೆ. ಸುದ್ದಿಯ ತಲೆಬರಹಗಳಲ್ಲಿ ಈ ಮಾತು ಉಳಿಯುವುದು ಅಪರೂಪ.

ಇಂಥ ಅಂದಾಜು ಕಾಗದದ ಮೇಲೆಯೇ ಉಳಿಯುವುದಿಲ್ಲ ಎಂಬುದೇ ನನ್ನ ಆತಂಕ. 2015ರಲ್ಲಿ ತೊಗರಿಯ ಬೆಲೆ ಏರಿದ್ದನ್ನು ಕಂಡು ಮರುವರ್ಷ ಎಲ್ಲರೂ ತೊಗರಿಯನ್ನೇ ಬಿತ್ತಿದ್ದು, ರಾಶಿಯ ಹೊತ್ತಿಗೆ ಬೆಲೆ ಬೆಂಬಲ ಬೆಲೆಗಿಂತ ಕೆಳಗಿಳಿದದ್ದು ನಿಮಗೆ ಗೊತ್ತೇ ಇದೆ. ಬೇಡಿಕೆ ಏರುತ್ತದೆಂದು ನಂಬಿ ಬ್ಯಾಂಕುಗಳು ಸಾಲ ಕೊಟ್ಟು, ಕಂಪನಿಗಳು ಬಾವಿ ಕೊರೆದ ಮೇಲೂ ಹಾಗೆಯೇ ಆಗುತ್ತದೆ: ಹಾಕಿದ ಬಂಡವಾಳ ವಾಪಸು ಬರಬೇಕಾದ್ದರಿಂದ ತೈಲ ಹೊರಬರುತ್ತದೆ, ಅಗ್ಗವಾಗುತ್ತದೆ, ಹೆಚ್ಚು ಉರಿಯುತ್ತದೆ. ತೊಗರಿಯನ್ನು ಮುಂದಿನ ಮುಂಗಾರಿಗೆ ಬದಲಿಸಬಹುದು, ಬಾವಿ-ಸ್ಥಾವರಗಳನ್ನು ಹಾಗೆ ಬದಲಿಸಲಾಗದು. 1985ರಲ್ಲಿ ಆರಂಭವಾದ ರಾಯಚೂರಿನ ಶಕ್ತಿನಗರದ ಕಲ್ಲಿದ್ದಲು ಸ್ಥಾವರ ಇಂದಿಗೂ ವಿದ್ಯುತ್ ಕೊಡುತ್ತಿದೆ. ಕಲ್ಲಿದ್ದಲು, ತೈಲ, ಅನಿಲ ಉರಿಸುವ ಈಗಾಗಲೇ ಇರುವ ಸ್ಥಾವರ, ಕಾರ್ಖಾನೆಗಳಂಥವು ತಮ್ಮ ಆಯುಷ್ಯ ಪೂರ್ತಿ ನಡೆದರೇ 1.5 ಡಿಗ್ರಿಯ ಮಿತಿ ದಾಟುತ್ತದೆಂದು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿ 2023ರಲ್ಲಿ ಹೇಳಿದೆ. ಆದ್ದರಿಂದ ಸರ್ಕಾರಗಳೂ ಬ್ಯಾಂಕುಗಳೂ ಮೂಲ ಲೆಕ್ಕವಾಗಿ ಇಟ್ಟುಕೊಳ್ಳಬೇಕಾದದ್ದು ಗುರಿಯಿಂದ ಹೊರಟ ಅಂದಾಜನ್ನೇ. ಅಲ್ಲದೆ, ಸೌರ ವಿದ್ಯುತ್ತಿನ ಬೆಳವಣಿಗೆಯನ್ನು ಇದೇ ಸಂಸ್ಥೆ ವರ್ಷಾನುಗಟ್ಟಲೆ ಕಡಿಮೆ ಅಂದಾಜು ಮಾಡುತ್ತಾ ಬಂದಿತ್ತು.

ಹೊಸ ಬಾವಿ, ಗಣಿಗಳನ್ನು ನಿಲ್ಲಿಸುವುದೆಂದರೆ ಇರುವ ಬಾವಿಗಳನ್ನು ನಾಳೆಯೇ ಮುಚ್ಚುವುದಲ್ಲ. ಅವುಗಳ ಉತ್ಪಾದನೆ ತಾನಾಗಿಯೇ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಬೇಡಿಕೆಯನ್ನೂ ಅದರ ಜೊತೆಗೇ ಇಳಿಸದಿದ್ದರೆ ಟ್ರ್ಯಾಕ್ಟರಿನ ಡೀಸೆಲ್, ಅಡುಗೆ ಸಿಲಿಂಡರ್ ಎರಡೂ ದುಬಾರಿಯಾದಾವು. ಮೊದಲು ಯಾರು ನಿಲ್ಲಿಸಬೇಕು ಎಂಬುದರಲ್ಲಿಯೂ ನ್ಯಾಯದ ಪ್ರಶ್ನೆಯಿದೆ. ಭಾರತದಲ್ಲಿ ತಲಾ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು 2 ಟನ್, ಅಮೆರಿಕದಲ್ಲಿ ಅದರ ಆರೇಳು ಪಟ್ಟು. ಅಮೆರಿಕ, ಕೆನಡಾ, ನಾರ್ವೆ, ಆಸ್ಟ್ರೇಲಿಯಾದಂಥ ಸಿರಿವಂತ ಉತ್ಪಾದಕ ದೇಶಗಳು ಹೊಸ ನಿಕ್ಷೇಪಗಳಿಗೆ ಅನುಮತಿ ಕೊಡುತ್ತಲೇ ನಮಗೆ ಉಪದೇಶ ಮಾಡುವುದು ಸರಿಯಲ್ಲ.

ಇನ್ನು ನಿಮ್ಮ ತಾಲ್ಲೂಕಿನ ಮಾತು. ಸಿಮೆಂಟಿನ ಹೊಗೆಯಲ್ಲಿ ಇಂಧನದ ಪಾಲು ಅರ್ಧಕ್ಕಿಂತ ಕಡಿಮೆ. ಅಂದಾಜು ಶೇಕಡ 60ರಷ್ಟು ಇಂಗಾಲದ ಡೈಆಕ್ಸೈಡ್ ಹೊರಬರುವುದು ಕಾಯಿಸಿದ ಸುಣ್ಣದಕಲ್ಲಿನಿಂದಲೇ. ಕಲ್ಲಿದ್ದಲು ಬಿಟ್ಟರೂ ಅದು ನಿಲ್ಲುವುದಿಲ್ಲ. ಹಾಗಾಗಿ ಸುಣ್ಣದಕಲ್ಲು ಸುಟ್ಟು ಮಾಡುವ ಕ್ಲಿಂಕರ್‌ನ ಪ್ರಮಾಣ ತಗ್ಗಿಸಿ ಹಾರುಬೂದಿ, ಉಕ್ಕಿನ ಕಿಟ್ಟ ಬೆರೆಸುವ ಸಿಮೆಂಟಿಗೆ ಆದ್ಯತೆ ಸಿಗಬೇಕು. ಆದರೆ ಹಾರುಬೂದಿ ಬರುವುದು ಕಲ್ಲಿದ್ದಲು ಸ್ಥಾವರಗಳಿಂದ. ಅವು ಕಡಿಮೆಯಾದಂತೆ ಸುಟ್ಟ ಜೇಡಿಮಣ್ಣಿನಂಥ ಬದಲಿಗಳನ್ನು ಈಗಿನಿಂದಲೇ ರೂಢಿಗೆ ತರಬೇಕಾಗುತ್ತದೆ.

ಹೊಲದಲ್ಲಿ ಬೋರ್‌ವೆಲ್ ಇದ್ದರೆ ನಿಮಗೆ ನೇರವಾಗಿ ತಟ್ಟುವ ವಿಷಯ ಪಂಪ್‌ಸೆಟ್ಟಿನದು. ಕೇಂದ್ರ ಸರ್ಕಾರದ ಪಿಎಂ-ಕುಸುಮ್ ಯೋಜನೆಯಲ್ಲಿ ಕೃಷಿ ಫೀಡರ್‌ಗಳಿಗೆ, ಅಂದರೆ ಪಂಪ್‌ಸೆಟ್ಟುಗಳಿಗೆ ಕರೆಂಟು ಒಯ್ಯುವ ಮಾರ್ಗಗಳಿಗೆ, ಸೌರ ವಿದ್ಯುತ್ ಒದಗಿಸುವ ಭಾಗವೊಂದಿದೆ. ಅದು ಜಾರಿಯಾದ ಕಡೆ ತ್ರೀಫೇಸ್ ವಿದ್ಯುತ್ತನ್ನು ಹಗಲಿನಲ್ಲಿಯೇ ಕೊಡಲು ಸಾಧ್ಯ, ನಡುರಾತ್ರಿ ಹಾವು-ಚೇಳಿನ ಭಯದಲ್ಲಿ ನೀರು ಹಾಯಿಸುವುದು ತಪ್ಪುತ್ತದೆ. ನಿಮ್ಮ ಫೀಡರ್ ಈ ಪಟ್ಟಿಯಲ್ಲಿದೆಯೇ ಎಂದು ಜೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ವಿಚಾರಿಸಿರಿ. ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಬೇಡಿಕೆ ಸಲ್ಲಿಸಬಹುದು.