ದಾವಣಗೆರೆಯಲ್ಲಿ ಹೊಸ ಮನೆಗೆ ಸ್ಮಾರ್ಟ್ ಹೋಮ್ ಮತ್ತು ಹೋಮ್ ಥಿಯೇಟರ್ ಪ್ಯಾಕೇಜ್ ಈಗಲೇ ತಗೋಬೇಕಾ?

ವಿದ್ಯಾನಗರದ ಕಡೆ ಮನೆ ಕಟ್ಟಿಸುತ್ತಿದ್ದೀರಿ, ಮೋಲ್ಡ್ ಆಗಿದೆ, ವೈರಿಂಗ್ ಇನ್ನೂ ಶುರುವಾಗಿಲ್ಲ ಅಂತ ಬರೆದಿದ್ದೀರಿ. ಲೈಟು, ಗೀಸರ್, ಕ್ಯಾಮೆರಾ, ಹಾಲ್‌ಗೆ ಹೋಮ್ ಥಿಯೇಟರ್ ಎಲ್ಲ ಸೇರಿಸಿ ಯಾರೋ ದೊಡ್ಡ ಪ್ಯಾಕೇಜ್ ಹೇಳಿದ್ದಾರೆ. ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದಾರೆ, ಇದೆಲ್ಲ ಬೇಕಾ ಅನ್ನೋದು ನಿಮ್ಮ ಪ್ರಶ್ನೆ.

ನಾನು ಇದೇ ಊರಲ್ಲಿ ವೈರಿಂಗ್ ಮತ್ತು ಆಟೊಮೇಶನ್ ಕೆಲಸ ಮಾಡುವವನು. ನನ್ನ ಮಾತು ಕೇಳುವುದಾದರೆ, ಈಗ ಗೋಡೆಯೊಳಗೆ ಹೋಗುವುದಕ್ಕೆ ಮಾತ್ರ ಧಾರಾಳವಾಗಿ ಖರ್ಚು ಮಾಡಿ. ಗೋಡೆಯ ಹೊರಗೆ ಕೂರುವ ಸಾಮಾನನ್ನು ಗೃಹಪ್ರವೇಶ ಆದ ಮೇಲೆ ನಿಧಾನವಾಗಿ ತಗೊಳ್ಳಿ. ಸ್ವಿಚ್, ಸ್ಪೀಕರ್, ಟಿವಿ ಎಲ್ಲದಕ್ಕೂ ಹೊಸ ಮಾಡೆಲ್ ಬರುತ್ತಲೇ ಇರುತ್ತದೆ. ಆದರೆ ಪ್ಲಾಸ್ಟರ್ ಆದ ಮೇಲೆ ಒಂದು ವೈರ್ ಮರೆತಿದ್ದು ನೆನಪಾದರೆ ಗೋಡೆಯನ್ನೇ ಒಡೆಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ಕಪ್ಪು ವೈರು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಬರೀ ಲೈಟ್ ಸ್ವಿಚ್ ಇರುವ ಬಾಕ್ಸ್ ಬಿಚ್ಚಿದರೆ ಕರೆಂಟ್ ತರುವ ಒಂದು ಫೇಸ್ ವೈರು, ಅಲ್ಲಿಂದ ಪ್ರತಿ ಸ್ವಿಚ್ಚಿಗೆ ಲೂಪು, ಮೇಲಕ್ಕೆ ಲೈಟಿಗೆ ಹೋಗುವ ವೈರುಗಳು, ಇಷ್ಟೇ ಕಾಣುತ್ತವೆ. ಕಪ್ಪು ವೈರು ಇರುವುದಿಲ್ಲ. ಮಾಮೂಲಿ ಸ್ವಿಚ್ಚಿಗೆ ಅದು ಬೇಕಾಗಿಯೂ ಇಲ್ಲ. ಆದರೆ ಸ್ಮಾರ್ಟ್ ಸ್ವಿಚ್ಚಿನೊಳಗೆ ಒಂದು ಚಿಕ್ಕ ಸರ್ಕ್ಯೂಟ್ ಇಪ್ಪತ್ನಾಲ್ಕು ಗಂಟೆಯೂ ಎಚ್ಚರ ಇರಬೇಕು. ಅದಕ್ಕೆ ಫೇಸು, ನ್ಯೂಟ್ರಲ್ ಎರಡೂ ಬೇಕು. ನ್ಯೂಟ್ರಲ್ ಇಲ್ಲದೆ ನಡೆಯುವ ಸ್ವಿಚ್ಚುಗಳೂ ಸಿಗುತ್ತವೆ. ಅವು ಬಲ್ಬಿನ ಮೂಲಕವೇ ಸ್ವಲ್ಪ ಕರೆಂಟ್ ಎಳೆದುಕೊಳ್ಳುತ್ತವೆ. ಬಲ್ಬು 5 ಅಥವಾ 9 ವ್ಯಾಟಿನ ಎಲ್‌ಇಡಿ ಆಗಿದ್ದರೆ ಆಫ್ ಮಾಡಿದ ಮೇಲೂ ಮಿಣಮಿಣ ಅನ್ನುವುದುಂಟು. ಹಾಗಾಗಿ ಪ್ರತಿ ಬಾಕ್ಸಿಗೂ ನ್ಯೂಟ್ರಲ್ ಎಳೆಯಲು ಹೇಳಿ, ಬಾಕ್ಸನ್ನೂ ಆಳದ್ದೇ ಹಾಕಿಸಿ. ಎಲೆಕ್ಟ್ರಿಷಿಯನ್ "ಸುಮ್ನೆ ಯಾಕೆ ಸರ್" ಅಂದರೂ ಬಿಡಬೇಡಿ.

ಆಳದ ಬಾಕ್ಸ್ ಯಾಕೆ ಅಂದರೆ, ಮಾಮೂಲಿ ಸ್ವಿಚ್ಚಿನ ಹಿಂದೆಯೇ ಕೂರಿಸುವ ಪುಟ್ಟ ರಿಲೇ ಮಾಡ್ಯೂಲ್, ಅಂದರೆ ಮೊಬೈಲಿನಿಂದ ಆನ್ ಆಫ್ ಆಗುವ ಚಿಕ್ಕ ಡಬ್ಬಿ, ಬರುತ್ತದೆ. ನಿಮ್ಮ ಅಪ್ಪ ಅಮ್ಮನಿಗೆ ಇದೇ ಸರಿ. ಅವರು ಎಂದಿನಂತೆ ಸ್ವಿಚ್ ಒತ್ತುತ್ತಾರೆ, ನೀವು ಮೊಬೈಲಿನಲ್ಲಿ ನೋಡುತ್ತೀರಿ. ಗಾಜಿನ ಟಚ್ ಪ್ಯಾನೆಲ್ ಹಿರಿಯರಿಗೆ ಬೇಡ. ಕತ್ತಲಲ್ಲಿ ಕೈ ಆಡಿಸಿದರೆ ಯಾವ ಸ್ವಿಚ್ ಎಲ್ಲಿದೆ ಅಂತ ತಿಳಿಯುವುದಿಲ್ಲ. ಅದರ ದುಡ್ಡು ಉಳಿಸಿ, ಅವರ ಕೋಣೆಯಿಂದ ಬಚ್ಚಲಿನ ತನಕ ನೆಲದ ಹತ್ತಿರ ಸೆನ್ಸರ್ ಲೈಟ್ ಹಾಕಿಸಿ. ರಾತ್ರಿ ಎದ್ದು ಹೆಜ್ಜೆ ಇಟ್ಟ ಕೂಡಲೇ ಹತ್ತಿಕೊಳ್ಳಬೇಕು. ಇಡೀ ಪ್ಯಾಕೇಜಿನಲ್ಲಿ ಅವರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇದೊಂದೇ ಅಂತ ನನ್ನ ನಂಬಿಕೆ.

ಫ್ಯಾನ್ ವಿಷಯಕ್ಕೆ ಬಂದರೆ ಬಿಎಲ್‌ಡಿಸಿ, ಅಂದರೆ ಕಡಿಮೆ ಕರೆಂಟ್ ಎಳೆಯುವ ಹೊಸ ಥರದ ಮೋಟರ್ ಇರುವ ಫ್ಯಾನ್ ತಗೊಳ್ಳಿ. ಹಳೆಯ ಥರದ್ದು ಸುಮಾರು 75 ವ್ಯಾಟ್ ತಿಂದರೆ ಇದು 30ರ ಆಸುಪಾಸು. ಇನ್ವರ್ಟರ್ ಮೇಲೆ ಹೊರೆ ಕಡಿಮೆ. ಆದರೆ ಇದಕ್ಕೆ ರೆಗ್ಯುಲೇಟರ್ ಕೊಡಬಾರದು, ನೇರ ಸಪ್ಲೈ ಬೇಕು.

ನಮ್ಮೂರಲ್ಲಿ ಎಷ್ಟೋ ಕಡೆ ನಲ್ಲಿ ನೀರು ದಿನಾ ಬರುವುದಿಲ್ಲ, ಸಂಪಿನಿಂದ ಮೇಲಿನ ಟ್ಯಾಂಕಿಗೆ ಮೋಟರ್ ಓಡಲೇಬೇಕು. ಆಟೊಮೇಶನ್ ಅಂದರೆ ನನಗೆ ಮೊದಲು ನೆನಪಾಗುವುದೇ ಇದು. ಸಂಪಿಗೂ ಟ್ಯಾಂಕಿಗೂ ಲೆವೆಲ್ ಸೆನ್ಸರ್ ಹಾಕಿಸಿ. ಟ್ಯಾಂಕ್ ತುಂಬಿದರೆ ಮೋಟರ್ ನಿಲ್ಲಬೇಕು, ಸಂಪು ಖಾಲಿ ಇದ್ದರೆ ಶುರುವಾಗಲೇಬಾರದು. ಸ್ಮಾರ್ಟ್ ಪ್ಲಗ್ಗಿಗೆ ನೇರವಾಗಿ ಮೋಟರ್ ಕೊಡಬೇಡಿ. 1 ಎಚ್‌ಪಿ ಅಂದರೆ 746 ವ್ಯಾಟ್ ತಾನೇ ಅನಿಸುತ್ತದೆ, ಆದರೆ ಶುರುವಾಗುವ ಕ್ಷಣದಲ್ಲಿ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಒಳಗಿನ ರಿಲೇ ಅಂಟಿಕೊಳ್ಳಬಹುದು. ಆಮೇಲೆ ಮೊಬೈಲಿನಲ್ಲಿ ಆಫ್ ಅಂತ ತೋರಿಸಿದರೂ ಮೋಟರ್ ಓಡುತ್ತಲೇ ಇರುತ್ತದೆ. ನಡುವೆ ಕಾಂಟ್ಯಾಕ್ಟರ್, ಅಂದರೆ ಭಾರೀ ಕರೆಂಟನ್ನು ತಾಳಿಕೊಳ್ಳುವ ದೊಡ್ಡ ರಿಲೇ, ಇರಲೇಬೇಕು. ಮೇಲಿನ ಟ್ಯಾಂಕಿನಿಂದ ಮೋಟರ್ ಬೋರ್ಡಿನ ತನಕ ಸೆನ್ಸರ್ ವೈರಿಗೆ ಈಗಲೇ ಒಂದು ಪೈಪ್ ಬಿಡಿಸಿ.

ಗೀಸರನ್ನು ಸ್ಮಾರ್ಟ್ ಮಾಡಿಸಿದರೆ, ಕರೆಂಟ್ ಹೋಗಿ ಬಂದಾಗ ಅದು ಆಫ್ ಆಗಿಯೇ ಉಳಿಯುವಂತೆ ಸೆಟ್ಟಿಂಗ್ ಮಾಡಿಸಿ. ವೈಫೈ ರೂಟರ್ ಇನ್ವರ್ಟರ್ ಲೈನಿನಲ್ಲಿ ಇರಲಿ. ಇಂಟರ್ನೆಟ್ ನಿಂತರೆ ಕೆಲವು ಸ್ವಿಚ್ಚುಗಳು ಮೊಬೈಲಿನ ಮಾತು ಕೇಳುವುದಿಲ್ಲ, ಯಾಕಂದರೆ ಆಜ್ಞೆ ಎಲ್ಲೋ ಇರುವ ಸರ್ವರಿಗೆ ಹೋಗಿ ಬರಬೇಕು. 2022ರಲ್ಲಿ ಬಂದ ಮ್ಯಾಟರ್ ಅನ್ನುವ ಪದ್ಧತಿಯಲ್ಲಿ ಮನೆಯೊಳಗೇ ಮಾತುಕತೆ ಮುಗಿಯುತ್ತದೆ, ಬೇರೆ ಬೇರೆ ಕಂಪನಿಯ ಸಾಮಾನೂ ಹೊಂದಿಕೊಳ್ಳುತ್ತದೆ. ಕೊಳ್ಳುವಾಗ ಅದನ್ನು ಕೇಳಿ.

ಇನ್ನು ಹೋಮ್ ಥಿಯೇಟರ್. ಟೈಲ್ಸ್ ನೆಲ, ಬೋಳು ಗೋಡೆ, ಪಕ್ಕದಲ್ಲೇ ಊಟದ ಜಾಗ ಮತ್ತು ಮೆಟ್ಟಿಲು ಇರುವ ಹಾಲ್‌ನಲ್ಲಿ ಶಬ್ದ ಪ್ರತಿಧ್ವನಿಸುತ್ತದೆ. ಎಷ್ಟೇ ದುಬಾರಿ ಸ್ಪೀಕರ್ ತಂದರೂ ಮಾತು ಸ್ಪಷ್ಟ ಕೇಳುವುದಿಲ್ಲ. ಮೊದಲು ದಪ್ಪ ಪರದೆ, ಜಮಖಾನ, ಸೋಫಾ ಬರಲಿ. ಸದ್ಯಕ್ಕೆ ಟಿವಿ ಕೆಳಗೆ ಕೂರುವ ಉದ್ದನೆಯ ಸ್ಪೀಕರ್, ಅಂದರೆ ಒಂದು ಸೌಂಡ್‌ಬಾರ್ ಸಾಕು. ಟಿವಿ ಜಾಗದಿಂದ ಕೆಳಗಿನ ಕಪಾಟಿಗೆ ಎರಡು ಇಂಚಿನ ಪೈಪ್ ಬಿಡಿಸಿ, ಟಿವಿಗೆ ಚಿತ್ರ, ಶಬ್ದ ತರುವ ಎಚ್‌ಡಿಎಂಐ ಕೇಬಲಿನ ತಲೆ ಸಲೀಸಾಗಿ ಹೋಗಬೇಕು. ಸೋಫಾ ಹಿಂದಿನ ಗೋಡೆಗೆ ಸ್ಪೀಕರ್ ವೈರಿನ ಪೈಪ್ ಎರಡು ಕಡೆ. ಟಿವಿ ಹಿಂದೆ, ಪ್ರತಿ ಕೋಣೆಗೆ, ಕ್ಯಾಮೆರಾ ಜಾಗಕ್ಕೆ ಕ್ಯಾಟ್ 6 ಲ್ಯಾನ್ ಕೇಬಲ್, ಅಂದರೆ ಇಂಟರ್ನೆಟ್ ವೈರು. ಕ್ಯಾಮೆರಾಗೆ ಕರೆಂಟೂ ಅದೇ ಕೇಬಲಿನಲ್ಲಿ ಕಳಿಸಬಹುದು. ಈ ಕೇಬಲನ್ನು ಕರೆಂಟ್ ವೈರಿನ ಪೈಪಿನೊಳಗೆ ತುರುಕಲು ಬಿಡಬೇಡಿ, ಬೇರೆ ಪೈಪೇ ಆಗಬೇಕು. ಏಪ್ರಿಲ್ ಮೇನಲ್ಲಿ ಗುಡುಗು ಸಿಡಿಲು ಜಾಸ್ತಿ ಅಲ್ವಾ, ಮೇನ್ ಬೋರ್ಡಿನಲ್ಲಿ ದಿಢೀರ್ ಏರುವ ವೋಲ್ಟೇಜ್ ತಡೆಯುವ ಸರ್ಜ್ ಪ್ರೊಟೆಕ್ಟರ್, ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ, ಒಳ್ಳೆ ಅರ್ತಿಂಗ್ ಮೂರೂ ಇರಲಿ.

ಪ್ಲಾಸ್ಟರಿಂಗ್‌ಗೆ ಮುಂಚೆ ಪ್ರತಿ ಗೋಡೆಯ ಮೇಲೆ ಟೇಪ್ ಹಿಡಿದು, ಅಳತೆ ಕಾಣುವ ಹಾಗೆ ಫೋಟೊ ತೆಗೆದಿಡಿ. ಮುಂದೆ ಯಾರಿಂದ ಸ್ಮಾರ್ಟ್ ಸಾಮಾನು ಹಾಕಿಸಿದರೂ ಆ್ಯಪಿನ ಖಾತೆ ನಿಮ್ಮ ಮೇಲ್‌ನಲ್ಲೇ ತೆರೆಸಿ. ಕೆಲಸದವರು ತಮ್ಮ ಮೇಲ್ ಹಾಕಿ ಹೋದರೆ ನಿಮ್ಮ ಮನೆಯ ಕ್ಯಾಮೆರಾ ಅವರ ಫೋನಿನಲ್ಲೂ ಕಾಣುತ್ತದೆ. ಕೊನೆಯ ಕಂತಿನ ದುಡ್ಡು ಕೊಡುವ ಮೊದಲು ಪಾಸ್‌ವರ್ಡ್ ಎಲ್ಲ ನೀವೇ ಬದಲಾಯಿಸಿ.