ಎರಡು ಹಸು ಕಂದು ಹಾಕಿವೆ ಎಂದವರಿಗೆ: ರಕ್ತ ಪರೀಕ್ಷೆಗೆ ಕೊಡುವ ಮುಂಚೆ ಒಂದು ಜಾಗ ನೋಡಿಕೊಳ್ಳಿ

ಅಣ್ಣಾ, ನಿಮ್ಮ ಪ್ರಶ್ನೆಯನ್ನು ನಿನ್ನೆ ರಾತ್ರಿಯೇ ಓದಿದೆ. ಏಳು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುಗಳಲ್ಲಿ ಎರಡು, ನಲವತ್ತು ದಿನಗಳ ಅಂತರದಲ್ಲಿ, ಏಳನೇ ತಿಂಗಳಿಗೆ ಕಂದು ಹಾಕಿವೆ, ಅಂದರೆ ಗರ್ಭಪಾತವಾಗಿದೆ. ಬ್ರುಸೆಲ್ಲಾ, ಅಂದರೆ ಹಸುವಿನಿಂದ ಹಸುವಿಗೆ ಹರಡುವ ಕಂದು ರೋಗ ಇದೆಯೇ ಎಂದು ತಿಳಿಯಲು ಎಲ್ಲ ಹಸುಗಳ ರಕ್ತ ಪರೀಕ್ಷೆ ಮಾಡಿಸಿ ಎಂದು ಪಶುವೈದ್ಯರು ಹೇಳಿದ್ದಾರೆ. ಮಾಡಿಸಬೇಕೋ ಬೇಡವೋ ಎಂದು ಕೇಳಿದ್ದೀರಿ. ಹಾಲಿನ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) 8.2ರ ಮೇಲೆ ಏರುತ್ತಿಲ್ಲ ಎಂದಿದ್ದೀರಿ. ದಳ್ಳಾಳಿಯೊಬ್ಬ ಎರಡು ಗಬ್ಬದ ಪಡ್ಡೆ (ಇನ್ನೂ ಕರು ಹಾಕದ ಎಳೆ ಹಸು) ತಂದು ಕಟ್ಟುತ್ತೇನೆ ಎನ್ನುತ್ತಿದ್ದಾನೆ ಎಂದೂ ಬರೆದಿದ್ದೀರಿ. ಮೇಲಿನ ಉತ್ತರಗಳಲ್ಲಿ ನಾಲ್ಕು ಮಂದಿ ‘ಪರೀಕ್ಷೆ ಬೇಡ, ಹೆಸರು ಕೆಡುತ್ತದೆ, ಡೇರಿಯಲ್ಲಿ ಹಾಲು ಹಾಕಿಸಿಕೊಳ್ಳುವುದಿಲ್ಲ’ ಎಂದಿರುವುದನ್ನು ನೋಡಿ ಸುಮ್ಮನಿರಲು ಆಗಲಿಲ್ಲ.

ನಾನು ಅರಸೀಕೆರೆ ಕಡೆಯವಳು. ಹದಿನಾರು ವರ್ಷದಿಂದ ಕೊಟ್ಟಿಗೆ ನನ್ನ ಪಾಲಿನ ಕೆಲಸ. 2017ರಲ್ಲಿ ನಮ್ಮ ಮನೆಯಲ್ಲಿ ನಡೆದದ್ದು ನಿಮ್ಮದರ ಪಡಿಯಚ್ಚು. ದೂರದಿಂದ ದಳ್ಳಾಳಿಯೊಬ್ಬ ತಂದುಕೊಟ್ಟ ಎರಡನೇ ಸೂಲಿನ ಹಸು, ಹೊತ್ತಿಗೆ ಏಳೆಂಟು ಲೀಟರ್ ಕರೆಯುತ್ತಿತ್ತು. ಗಬ್ಬ ಕಟ್ಟಿ ಏಳನೇ ತಿಂಗಳಲ್ಲಿ ಕಂದು ಹಾಕಿತು. ಸತ್ತೆ (ಕರುವಿನ ಹಿಂದೆ ಬೀಳುವ ಮಾಸು) ಬೀಳಲಿಲ್ಲ. ಬಿಸಿಲಿಗೆ ಹಾಗಾಗಿದೆ, ಕಾಲು ಜಾರಿರಬೇಕು, ಯಾರದೋ ಕಣ್ಣು ಬಿದ್ದಿದೆ ಎಂದು ಊರಿನವರು ತಲೆಗೊಂದು ಕಾರಣ ಕೊಟ್ಟರು. ನಾವು ಆ ಹಸುವನ್ನು ಸಂತೆಯಲ್ಲಿ ಮಾರಿದೆವು. ಎರಡು ತಿಂಗಳೊಳಗೆ ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದ ಹಸು ಕಂದು ಹಾಕಿತು, ಆಮೇಲೆ ಅದರ ಪಕ್ಕದ್ದು. ಆಗ ರಕ್ತ ಕಳಿಸಿದೆವು. ಉಳಿದ ಆರರಲ್ಲಿ ಮೂರು ಪಾಸಿಟಿವ್. ಆ ಮೊದಲ ಹಸುವನ್ನು ಗೊತ್ತಿಲ್ಲದೆ ಮಾರಿದೆವು ಎಂದು ನಾನು ಹೇಳಬಹುದು. ಆದರೆ ಗೊತ್ತಾಗಬಾರದು ಎಂದೇ ಪರೀಕ್ಷೆ ಮಾಡಿಸಿರಲಿಲ್ಲ. ಅದು ಯಾರ ಕೊಟ್ಟಿಗೆಗೆ ಹೋಯಿತೋ, ಅವರು ಎಷ್ಟು ಕರು ಕಳೆದುಕೊಂಡರೋ.

ಆದ್ದರಿಂದ ಮಾಡಿಸಿ. ಆದರೆ ರಕ್ತ ತೆಗೆಸುವ ಮುಂಚೆ ಒಂದು ಕೆಲಸ ಮುಗಿಸಿಕೊಳ್ಳಿ: ಪಾಸಿಟಿವ್ ಬಂದ ಹಸುವನ್ನು ಎಲ್ಲಿ ಕಟ್ಟುತ್ತೀರಿ, ಅದನ್ನು ಯಾರು ಕರೆಯುತ್ತಾರೆ, ಅದರ ಬಾನಿ ಯಾವುದು ಎಂದು ಮನೆಯವರೆಲ್ಲ ಕುಳಿತು ತೀರ್ಮಾನಿಸಿ. ಕೆಲವು ದೇಶಗಳಲ್ಲಿ ಪಾಸಿಟಿವ್ ಬಂದ ದನಗಳನ್ನು ಸರ್ಕಾರವೇ ಪರಿಹಾರ ಕೊಟ್ಟು ಹಿಂಡಿನಿಂದ ತೆಗೆಸುತ್ತದೆ. ನಮ್ಮಲ್ಲಿ ಹಸು ನಮ್ಮ ಹಿತ್ತಲಲ್ಲೇ ಉಳಿಯುತ್ತದೆ. ಫಲಿತಾಂಶದ ಚೀಟಿ ಕೈಗೆ ಬಂದ ಮೇಲೆ ಜಾಗ ಹುಡುಕಲು ಹೊರಟರೆ ಮೊದಲು ನೆನಪಾಗುವುದು ಸಂತೆ. ನಮ್ಮ ಯಜಮಾನರಿಗೂ ಅದೇ ನೆನಪಾಯಿತು. ಎರಡು ದಿನ ಮನೆಯಲ್ಲಿ ಮಾತು ನಿಂತಿತ್ತು. ಕೊನೆಗೆ ತೆಂಗಿನ ತೋಟದ ಮೂಲೆಯಲ್ಲಿ ಸೋಗೆ ಹೊದಿಸಿ ಮೂರು ಹಸುಗಳಿಗೆ ಬೇರೆ ಚಪ್ಪರ ಹಾಕಿದೆವು. ಅಂದಹಾಗೆ, ಸಾಂಕ್ರಾಮಿಕ ರೋಗಗಳ ಬಗ್ಗೆ 2009ರ ಕೇಂದ್ರ ಕಾಯ್ದೆಯೊಂದಿದೆ. ಅದರ ಪ್ರಕಾರ ಇಂಥ ರೋಗ ಬಂದ ದನವನ್ನು ಸಂತೆಗೆ ತರುವುದೇ ತಪ್ಪು. ಗೋಶಾಲೆಗೆ ಬಿಡುವುದಾದರೂ ಫಲಿತಾಂಶವನ್ನು ಹೇಳಿಯೇ ಬಿಡಬೇಕು.

ಎರಡು ಕಂದು ಬಿದ್ದ ಮಾತ್ರಕ್ಕೆ ಅದು ಕಂದು ರೋಗವೇ ಎಂದು ತೀರ್ಮಾನಿಸಬೇಡಿ. ಇಲಿಯ ಮೂತ್ರದಿಂದ ಬರುವ ಲೆಪ್ಟೋ, ಐಬಿಆರ್ ಎನ್ನುವ ವೈರಸ್, ಬೂಸಲು ಹಿಡಿದ ಮೇವು, ಉಣುಗು ಕಚ್ಚಿ ಬರುವ ಥೈಲೇರಿಯಾದ ಜೋರು ಜ್ವರ, ಇವೆಲ್ಲವೂ ಗಬ್ಬ ಇಳಿಸುತ್ತವೆ. ಆದರೆ ಐದು ತಿಂಗಳು ದಾಟಿದ ಮೇಲೆ, ಒಂದರ ಹಿಂದೆ ಒಂದು ಕಂದು ಹಾಕಿ, ಸತ್ತೆ ಬೀಳದೆ ನಿಂತರೆ ಮೊದಲ ಅನುಮಾನ ಕಂದು ರೋಗದ ಮೇಲೆಯೇ. ಇನ್ನೊಂದು ಹಸು ಕಂದು ಹಾಕಿದರೆ ಅದನ್ನು ಎಸೆಯುವ ಮುಂಚೆ ವೈದ್ಯರಿಗೆ ಫೋನ್ ಮಾಡಿ. ಸತ್ತ ಕಂದಿನ ಹೊಟ್ಟೆಯ ದ್ರವ ಮತ್ತು ಸತ್ತೆಯ ತುಂಡು ರಕ್ತಕ್ಕಿಂತ ಹೆಚ್ಚು ಹೇಳುತ್ತವೆ.

ಪರೀಕ್ಷೆಯ ವಿಷಯ. ಸಾಮಾನ್ಯವಾಗಿ ಮೊದಲು ಮಾಡುವುದು ರೋಸ್ ಬೆಂಗಾಲ್ ಪರೀಕ್ಷೆ. ರಕ್ತ ಹೆಪ್ಪುಗಟ್ಟಿದ ಮೇಲೆ ಬರುವ ತಿಳಿಯ ಒಂದು ಹನಿಗೆ ಗುಲಾಬಿ ಬಣ್ಣದ ದ್ರಾವಣದ ಒಂದು ಹನಿ ಸೇರಿಸಿ ಕಲಸುತ್ತಾರೆ. ನಾಲ್ಕು ನಿಮಿಷದೊಳಗೆ ಹಾಲು ಒಡೆದಂತೆ ಕಣಕಣವಾದರೆ ಪಾಸಿಟಿವ್. ಇದು ಜರಡಿ ಇದ್ದಂತೆ. ಇದರಲ್ಲಿ ಸಿಕ್ಕಿದ್ದನ್ನು ಎಲೈಸಾ ಪರೀಕ್ಷೆಯಲ್ಲಿ ಖಚಿತ ಮಾಡಿಕೊಳ್ಳಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ರಾಜ್ಯದ ಪ್ರಯೋಗಾಲಯ. ಯಲಹಂಕದಲ್ಲಿ ಪಶುರೋಗಗಳ ಬಗ್ಗೆ ಸಂಶೋಧನೆ ಮಾಡುವ ಕೇಂದ್ರದ ನಿವೇದಿ ಸಂಸ್ಥೆ ಇದೆ. ನೀವೇ ಬಸ್ ಹತ್ತಿ ಹೋಗಬೇಕಿಲ್ಲ. ನಿಮ್ಮ ಪಶು ಆಸ್ಪತ್ರೆಯ ವೈದ್ಯರ ಪತ್ರದ ಜೊತೆ ಹೋದರೆ ಮಾದರಿಗೂ ಮರ್ಯಾದೆ, ಫಲಿತಾಂಶಕ್ಕೂ ಮರ್ಯಾದೆ.

ರಕ್ತ ತೆಗೆಯುವುದು ವೈದ್ಯರ ಕೆಲಸ, ನಳಿಕೆ ಕಾಯುವುದು ನಮ್ಮದು. ಮೊದಲ ಸಲ ನಾನು ಬುದ್ಧಿವಂತಿಕೆ ತೋರಿಸಿ ನಳಿಕೆಗಳನ್ನು ಫ್ರೀಜರ್‌ನಲ್ಲಿ, ಮಕ್ಕಳ ಐಸ್‌ಕ್ಯಾಂಡಿ ಅಚ್ಚಿನ ಪಕ್ಕ ಇಟ್ಟಿದ್ದೆ. ರಕ್ತವೆಲ್ಲ ಒಡೆದು ಕೆಂಪು ನೀರಾಗಿತ್ತು, ಮತ್ತೆ ತೆಗೆಸಬೇಕಾಯಿತು. ನಳಿಕೆಯನ್ನು ಅಲ್ಲಾಡಿಸದೆ ನೆರಳಿನಲ್ಲಿ ಓರೆಯಾಗಿ ಇಡಿ, ಹೆಪ್ಪುಗಟ್ಟಲಿ. ತಿಳಿಯನ್ನು ಬೇರೆ ನಳಿಕೆಗೆ ತೆಗೆದ ಮೇಲೆ ತಂಪಿನಲ್ಲಿ ಕಳಿಸಬಹುದು. ಪ್ರತಿ ನಳಿಕೆಯ ಮೇಲೆ ಕಿವಿಯೋಲೆಯ 12 ಅಂಕಿ ಬರೆಯಿರಿ. ‘ಗೌರಿ’, ‘ಕರಿಯಮ್ಮ’ ಎಂದು ಬರೆದರೆ ಪ್ರಯೋಗಾಲಯದವರಿಗೆ ನಿಮ್ಮ ಗೌರಿ ಯಾರೆಂದು ತಿಳಿಯುವುದಿಲ್ಲ. ಜೊತೆಗೆ ಒಂದು ಹಾಳೆಯಲ್ಲಿ ವಯಸ್ಸು, ಎಷ್ಟನೇ ಸೂಲು, ಕಂದು ಹಾಕಿದ ದಿನ, ಲಸಿಕೆ ಆಗಿದ್ದರೆ ಯಾವಾಗ ಎಂದು ಬರೆದು ಕೊಡಿ.

ಲಸಿಕೆಯ ದಿನಾಂಕ ಯಾಕೆ ಎಂದರೆ, ಕಂದು ರೋಗದ ಲಸಿಕೆಯನ್ನು 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಮಾತ್ರ, ಜೀವಮಾನದಲ್ಲಿ ಒಂದೇ ಸಲ ಹಾಕುತ್ತಾರೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜೊತೆ ಇದೂ ಸೇರಿದೆ. ವಯಸ್ಸು ಮೀರಿದ ಮೇಲೆ ಹಾಕಿದ್ದರೆ ರೋಗವಿಲ್ಲದಿದ್ದರೂ ರಕ್ತದಲ್ಲಿ ಪಾಸಿಟಿವ್ ತೋರಿಸಬಹುದು. ಈಗ ನಿಮ್ಮ ದೊಡ್ಡ ಹಸುಗಳಿಗೆಲ್ಲ ಲಸಿಕೆ ಹಾಕಿಸಿ ಎಂದು ಮೇಲಿನ ಉತ್ತರವೊಂದರಲ್ಲಿ ಒಬ್ಬರು ಹೇಳಿದ್ದಾರಲ್ಲ, ದಯವಿಟ್ಟು ಬೇಡ. ಅದು ಜೀವಂತ ಲಸಿಕೆ. ಗಬ್ಬದ ಹಸುವಿಗೆ ಕೊಟ್ಟರೆ ಅದೇ ಕಂದು ಹಾಕಿಸಬಹುದು, ಹೋರಿಗರುವಿಗೂ ಕೊಡುವಂತಿಲ್ಲ, ಬಂದ ರೋಗವನ್ನು ವಾಸಿ ಮಾಡುವುದೂ ಇಲ್ಲ. ಸೂಜಿ ತಪ್ಪಿ ಮನುಷ್ಯರಿಗೆ ಚುಚ್ಚಿದರೆ ಅವರಿಗೂ ಕಾಯಿಲೆ ಬರಬಹುದು. ಆದ್ದರಿಂದ ಲಸಿಕೆ ಹಾಕುವ ದಿನ ಕರುವನ್ನು ಭದ್ರವಾಗಿ ಹಿಡಿಯಿರಿ, ಮಕ್ಕಳನ್ನು ದೂರವಿಡಿ.

ನೆಗೆಟಿವ್ ಬಂದಾಗಲೂ ಸಮಾಧಾನ ಪೂರ್ತಿಯಲ್ಲ. ಕರು ಹಾಕುವ ಮುಂಚೆ ಮತ್ತು ಹಾಕಿದ ಹೊಸದರಲ್ಲಿ, ಕಂದು ಹಾಕಿದ ತಕ್ಷಣ, ಪರೀಕ್ಷೆ ಸುಳ್ಳು ಹೇಳುವುದುಂಟು. ಕಂದು ಹಾಕಿದ ಎರಡು ಹಸುಗಳ ರಕ್ತವನ್ನು ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ತೆಗೆಸಿ. ಉಳಿದವನ್ನು 30ರಿಂದ 60 ದಿನಗಳ ಅಂತರದಲ್ಲಿ, ಎರಡು ಸುತ್ತು ಪೂರ್ತಿ ಸ್ವಚ್ಛ ಬರುವವರೆಗೆ ನೋಡುತ್ತಿರಿ. ಹಾಲಿನಿಂದ ಮಾಡುವ ಮಿಲ್ಕ್ ರಿಂಗ್ ಪರೀಕ್ಷೆಯೂ ಇದೆ. ಕೆನೆಯ ಪದರ ಬಣ್ಣದ ಉಂಗುರವಾದರೆ ಕೊಟ್ಟಿಗೆಯಲ್ಲಿ ಎಲ್ಲೋ ರೋಗವಿದೆ ಎಂದು ತಿಳಿಯುತ್ತದೆ. ಆದರೆ ಗಿಣ್ಣು ಹಾಲು, ಬತ್ತುತ್ತಿರುವ ಹಸುವಿನ ಹಾಲು, ಕೆಚ್ಚಲು ಬಾವಿನ ಹಾಲು ಸೇರಿದರೆ ಅದೂ ತಪ್ಪು ಹೇಳುತ್ತದೆ.

ನಾನು ಕಂಡ ದೊಡ್ಡ ಮೋಸ ಇನ್ನೊಂದಿದೆ. ಒಮ್ಮೆ ಕಂದು ಹಾಕಿದ ಹಸು ಮುಂದಿನ ಸಲ ಸಾಮಾನ್ಯವಾಗಿ ದಿನ ತುಂಬಿಸಿ ಕರು ಹಾಕುತ್ತದೆ. ಮನೆಯವರು ‘ನೋಡಿ, ಹೋಯಿತು ರೋಗ’ ಎಂದು ಅರಿಶಿನ ಕುಂಕುಮ ಇಟ್ಟು ಮತ್ತೆ ಎಲ್ಲವುಗಳ ಸಾಲಿಗೆ ತಂದು ಕಟ್ಟುತ್ತಾರೆ. ರೋಗ ಹೋಗಿರುವುದಿಲ್ಲ. ಆ ಸಲೀಸಾದ ಹೆರಿಗೆಯ ನೀರಿನಲ್ಲಿ, ಸತ್ತೆಯಲ್ಲಿ ರೋಗಾಣು ಇರುತ್ತದೆ. ಆಮೇಲೆ ಹಾಲಿನಲ್ಲೂ ಆಗಾಗ ಬರುತ್ತಿರುತ್ತದೆ. ಪಕ್ಕದ ಗಬ್ಬದ ಹಸು ಅದನ್ನು ಮೂಸಿ ನೆಕ್ಕಿದರೆ ಮುಗಿಯಿತು. ಅದಕ್ಕೇ ಬೇರೆ ಚಪ್ಪರದ ಮಾತು ಮೊದಲು ಹೇಳಿದ್ದು. ಪಾಸಿಟಿವ್ ಹಸುವಿನ ಹೆಣ್ಣುಕರುವಿನ ಮೇಲೂ ಆಸೆ ಇಟ್ಟುಕೊಳ್ಳಬೇಡಿ. ಕೆಲವು ಪಡ್ಡೆಗಳು ಪರೀಕ್ಷೆಯಲ್ಲಿ ನೆಗೆಟಿವ್ ತೋರಿಸುತ್ತಲೇ ಬೆಳೆದು, ತಮ್ಮ ಮೊದಲ ಗಬ್ಬದಲ್ಲಿ ಬಣ್ಣ ಬಯಲು ಮಾಡುತ್ತವೆ.

ಸತ್ತೆಯನ್ನು ಗೋಣಿಚೀಲದಲ್ಲಿ ಕಟ್ಟಿ ಆಲದ ಮರಕ್ಕೆ ನೇತುಹಾಕುವ ರೂಢಿ ನಿಮ್ಮ ಕಡೆಯೂ ಇರಬಹುದು. ಹಾಲು ಹೆಚ್ಚುತ್ತದೆ ಎಂಬ ನಂಬಿಕೆಯಿಂದ ನಮ್ಮ ಅತ್ತೆಯವರೂ ಹಾಗೇ ಮಾಡಿಸುತ್ತಿದ್ದರು. ಕೆಳಗೆ ಸೋರಿದ್ದನ್ನು ನಾಯಿ ಎಳೆದು ಇಡೀ ಊರಿಗೆ ಹಂಚುತ್ತದೆ. ಆಳವಾದ ಗುಂಡಿ ತೆಗೆದು, ಸುಣ್ಣ ಸುರಿದು, ನಾಯಿ ಕೆದಕದಂತೆ ಮುಚ್ಚಿ. ಆ ಜಾಗದ ಹುಲ್ಲು, ಸಗಣಿಯೂ ಗುಂಡಿಗೇ ಹೋಗಲಿ, ತಿಪ್ಪೆಗೆ ಬೇಡ. ನೆಲವನ್ನು ತೊಳೆದು ಸುಣ್ಣ ಅಥವಾ ಬ್ಲೀಚಿಂಗ್ ಪುಡಿ ಹಾಕಿ, ಬಿಸಿಲು ಬೀಳುವಂತೆ ಬಿಡಿ. ಒದ್ದೆ ನೆರಳಿನಲ್ಲಿ ಈ ರೋಗಾಣು ತಿಂಗಳುಗಟ್ಟಲೆ ಬದುಕುತ್ತದೆ, ಬಿಸಿಲಿಗೆ ನಿಲ್ಲುವುದಿಲ್ಲ.

ಬರಿಗೈ ಹಾಕಬೇಡಿ. ನಾವು ಹಾಕಿದ್ದೆವು. ಮಾವನವರೇ ಸತ್ತೆ ಎಳೆದಿದ್ದರು. ತಿಂಗಳಾದ ಮೇಲೆ ಅವರಿಗೆ ಜ್ವರ ಬಂತು. ಸಂಜೆಗೆ ಏರುವುದು, ರಾತ್ರಿ ಬೆವರಿ ಇಳಿಯುವುದು, ಸೊಂಟ ಹಿಡಿದುಕೊಳ್ಳುವುದು. ಟೈಫಾಯ್ಡ್ ಎಂದು ಒಂದು ಕಡೆ, ಸಂಧಿವಾತ ಎಂದು ಇನ್ನೊಂದು ಕಡೆ ಔಷಧ ನಡೆಯಿತು. ಮೂರನೆಯ ವೈದ್ಯರು ‘ಮನೆಯಲ್ಲಿ ದನ ಇದೆಯೇ, ಕಂದು ಹಾಕಿತ್ತೇ’ ಎಂದು ಕೇಳಿದ ಮೇಲೆ ಗೊತ್ತಾಗಿದ್ದು. ಆರು ವಾರ ಮಾತ್ರೆ ನುಂಗಿ ವಾಸಿಯಾದರು. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗೆ ಬಿಟ್ಟುಬಿಟ್ಟು ಜ್ವರ ಬರುತ್ತಿದ್ದರೆ ವೈದ್ಯರು ಕೇಳಲಿ ಎಂದು ಕಾಯಬೇಡಿ, ನೀವೇ ಹೇಳಿ.

ಡೇರಿಯ ಹೆದರಿಕೆಗೆ ಉತ್ತರ. ಸಂಘದಲ್ಲಿ ದಿನವೂ ನೋಡುವುದು ಫ್ಯಾಟ್, ಎಸ್‌ಎನ್‌ಎಫ್, ಕಲಬೆರಕೆ. ಒಕ್ಕೂಟದ ಘಟಕದಲ್ಲಿ ಹಾಲನ್ನು 72 ಡಿಗ್ರಿಗೆ ಕಾಯಿಸಿ 15 ಸೆಕೆಂಡು ಹಿಡಿಯುತ್ತಾರೆ, ಅದರಲ್ಲಿ ಈ ರೋಗಾಣು ಸಾಯುತ್ತದೆ. ಆದರೂ ಪಾಸಿಟಿವ್ ಹಸುವಿನ ಹಾಲನ್ನು ಏನು ಮಾಡಬೇಕೆಂದು ಪಶುವೈದ್ಯರನ್ನು ಕೇಳಿ, ಅವರು ಹೇಳಿದಂತೆ ಕಾರ್ಯದರ್ಶಿಯ ಹತ್ತಿರ ಮಾತನಾಡಿ. ಅಪಾಯವಿರುವುದು ಹಸಿ ಹಾಲು ಮನೆಮನೆಗೆ ಹೋಗುವ ಕಡೆ. ಹಾಗೆ ದಿನವೂ ಮನೆಗಳಿಗೆ ವರ್ತನೆ ಹಾಲು ಹಾಕುತ್ತಿದ್ದರೆ ಆ ಹಸುಗಳದ್ದನ್ನು ನಿಲ್ಲಿಸಿ. ದೇವಸ್ಥಾನದ ಪಂಚಾಮೃತಕ್ಕೆ ಹಸಿ ಹಾಲು ಕೇಳಿದರೂ ಕಾಯಿಸಿ ಆರಿಸಿ ಕೊಡಿ. ನಮ್ಮ ಊರಿನ ಅರ್ಚಕರು ಮೊದಲು ಮುಖ ಸಿಂಡರಿಸಿದರು, ಮಾವನವರ ಜ್ವರದ ಕಥೆ ಕೇಳಿದ ಮೇಲೆ ಒಪ್ಪಿಕೊಂಡರು.

ಎಸ್‌ಎನ್‌ಎಫ್ ವಿಷಯ ಬೇರೆ. 8.5 ಬರದಿದ್ದರೆ ಎಲ್ಲರೂ ಹಿಂಡಿ, ಖನಿಜ ಮಿಶ್ರಣ ಎಂದು ಓಡುತ್ತಾರೆ. ಒಣಹುಲ್ಲು ಮಾತ್ರ ತಿನ್ನುವ ಹಸುವಿಗೆ ಅದು ಸರಿಯೇ. ಆದರೆ ಮೊದಲು ಕಣ್ಣಿಗೆ ಕಾಣದ ಕೆಚ್ಚಲು ಬಾವು ಇದೆಯೇ ನೋಡಿ. ನಾಲ್ಕು ಬಟ್ಟಲಿನ ಹಲಗೆಗೆ ನಾಲ್ಕು ತೊಟ್ಟಿನ ಹಾಲು ಸ್ವಲ್ಪ ಸ್ವಲ್ಪ ಹಿಂಡಿ, ಅಷ್ಟೇ ಪ್ರಮಾಣದ ಸಿಎಂಟಿ (ಕೆಚ್ಚಲು ಬಾವು ಪತ್ತೆ ಮಾಡುವ) ದ್ರಾವಣ ಹಾಕಿ ತಿರುಗಿಸಿದರೆ ಕೆಟ್ಟ ತೊಟ್ಟಿನದು ಲೋಳೆಯಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಮಾಡಿ, ಲೋಳೆ ಬಂದ ಹಸುವನ್ನು ಕೊನೆಗೆ ಕರೆಯಿರಿ. ಕರೆದ ಮೇಲೆ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಆಮೇಲೆ ಮೇವು ಹಾಕಿ, ಅರ್ಧ ಗಂಟೆ ನಿಂತೇ ತಿನ್ನಲಿ. ತೊಟ್ಟಿನ ಬಾಯಿ ಮುಚ್ಚುವ ಮುಂಚೆ ಸಗಣಿಯಲ್ಲಿ ಮಲಗಿದರೆ ಅದ್ದಿದ್ದೆಲ್ಲ ವ್ಯರ್ಥ.

ಇನ್ನು ದಳ್ಳಾಳಿಯ ಪಡ್ಡೆಗಳು. ಈಗ ಬೇಡ. ನಿಮ್ಮ ಕೊಟ್ಟಿಗೆಯಲ್ಲಿ ಏನಿದೆ ಎಂದು ತಿಳಿಯದೆ ಗಬ್ಬದ ಪಡ್ಡೆ ತಂದು ಕಟ್ಟಿದರೆ ರೋಗಕ್ಕೆ ನೀವೇ ಊಟ ಬಡಿಸಿದಂತೆ. ಎರಡು ಸುತ್ತು ಸ್ವಚ್ಛ ಬಂದ ಮೇಲೆ ಕೊಳ್ಳುವುದಾದರೆ, ಮುಂಗಡ ಕೊಟ್ಟು ರಕ್ತ ಪರೀಕ್ಷೆಯ ಫಲಿತಾಂಶ ಬರುವವರೆಗೆ ಹಸು ಅವನ ಹತ್ತಿರವೇ ಇರಲಿ ಎನ್ನಿ. ‘ನನ್ನ ಮಾತಿನ ಮೇಲೆ ನಂಬಿಕೆ ಇಲ್ಲವೇ’ ಎಂದು ಅವನು ಸಿಡುಕಿದರೆ ಮುಂಗಡ ವಾಪಸು ಕೇಳಿ. ತಂದ ಮೇಲೂ ಒಂದು ತಿಂಗಳು ಬೇರೆ ಕಟ್ಟಿ, ಬೇರೆ ಬಕೆಟ್, ಬೇರೆ ಹಗ್ಗ. ಆ ಹಗ್ಗಕ್ಕೆ ಬಣ್ಣದ ಬಟ್ಟೆಯ ತುಂಡೊಂದನ್ನು ಗಂಟು ಹಾಕಿಡಿ. ಇಲ್ಲದಿದ್ದರೆ ನೀವು ಮದುವೆಗೋ ಸಂತೆಗೋ ಹೋದ ದಿನ ಮನೆಯಲ್ಲಿ ಯಾರೋ ಅದನ್ನೇ ತಂದು ಗಬ್ಬದ ಹಸುವಿಗೆ ಕಟ್ಟಿರುತ್ತಾರೆ.